‘ಯುಗಾದಿ’ಯ ದೂರು, ಜೋಕುಮಾರನ ಉತ್ತರ

ಬೇಂದ್ರೆಯವರ ‘ಯುಗಾದಿ’ ಕವನಕ್ಕೆ ಅದರ ಜನಪ್ರಿಯತೆಯೇ ಶತ್ರುವಾಗಿದೆಯೆಂದು ನನಗೆ ಅನಿಸುವುದುಂಟು. 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿಯವರ ಕಂಠದಿಂದ ಹೊಮ್ಮಿದ ಮೇಲೆ ಅದು ಮನೆಮಾತಾಯಿತು; ಮಾವಿನ ತೋರಣದಂತೆ ವರ್ಷಕ್ಕೊಮ್ಮೆ ಕಟ್ಟಿ ಬಿಚ್ಚುವ ಶುಭಾಶಯವೂ ಆಯಿತು. ಮೊದಲ ನುಡಿಯನ್ನು ಗುನುಗಿ ಹೋಳಿಗೆಯ ಊಟಕ್ಕೆ ಏಳುವವರೇ ಹೆಚ್ಚು. ಕೊನೆಯವರೆಗೆ ಓದಿದರೆ ಅದು ಹರಕೆಯ ಪದ್ಯವಲ್ಲ, ದೂರಿನ ಪದ್ಯ. ಉಳಿದ ಜೀವಗಳಿಗೆಲ್ಲ ವರ್ಷವರ್ಷವೂ ಹೊಸ ಹುಟ್ಟಿರುವಾಗ ಮನುಷ್ಯನಿಗೇಕೆ ಒಂದೇ ಪ್ರಾಯ ಎಂದು ಕವಿ ಕೇಳುತ್ತಾರೆ. ಚಿರಂಜೀವಿಯಾದ ಸನತ್ಕುಮಾರನನ್ನೇ ಕರೆದು ಕೇಳುತ್ತಾರೆ. ಉತ್ತರ ದೊರೆಯದು.

ತರಗತಿಯಲ್ಲಿ ಈ ಕವನವನ್ನು ಹಲವು ಸಲ ಪಾಠ ಹೇಳಿದ್ದೇನೆ. ಅದು ನನಗೆ ತಟ್ಟಿದ್ದು ಮಾತ್ರ ಹೊಳಲ್ಕೆರೆ ತಾಲ್ಲೂಕಿನ ನಮ್ಮ ಬಿ.ದುರ್ಗದಲ್ಲಿ. ನಮ್ಮ ಕಡೆ ಯುಗಾದಿಯ ಮರುದಿನ ಸಂಜೆ ಪಡುವಣಕ್ಕೆ ಮುಖಮಾಡಿ ಎಳೆಚಂದ್ರನನ್ನು ಹುಡುಕುವುದೇ ದೊಡ್ಡ ಸಂಭ್ರಮ. ಕಂಡೊಡನೆ ಕೈಮುಗಿದು ಹಿರಿಯರ ಕಾಲಿಗೆರಗಬೇಕು. ಹುಡುಗನಾಗಿದ್ದಾಗ ಕೇರಿಯುದ್ದಕ್ಕೂ ಬಗ್ಗಿ ಬಗ್ಗಿ ಸೊಂಟ ನೋಯುತ್ತಿತ್ತು. ಅವ್ವ ಮೊದಲೇ ಹೋಗಿದ್ದಳು. ಅಪ್ಪ ತೀರಿಕೊಂಡ ಮರುವರ್ಷ ಚಂದ್ರನನ್ನು ಕಂಡು ಅಭ್ಯಾಸಬಲದಿಂದ ಹಿಂದಿರುಗಿದೆ. ಅಂಗಳದಲ್ಲಿ ನಾನು ಎರಗಬೇಕಾದವರು ಯಾರೂ ಇರಲಿಲ್ಲ. “ದೊಡ್ಡಪ್ಪ, ಕಾಲು ಮುಂದಿಡು” ಎಂದು ತಮ್ಮನ ಮಕ್ಕಳು ಬಗ್ಗಿ ನಿಂತಿದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಹಳ್ಳಿಯ ಪಂಚಾಂಗಕ್ಕೆ ಅನ್ಯಾಯವಾದೀತು. ಭಾದ್ರಪದದಲ್ಲಿ ಗಣಪನ ಬೆನ್ನಿಗೇ ಜೋಕುಮಾರ ಬರುತ್ತಾನೆ. ಕಡುಬುಂಡ ಗಣಪ ಭೂಲೋಕ ಸುಖವಾಗಿದೆಯೆಂದು ತಂದೆಗೆ ಹೇಳಿದನಂತೆ; ಮಳೆಯಿಲ್ಲ, ಬೆಳೆಯಿಲ್ಲ ಎಂಬ ನಿಜವನ್ನು ಶಿವನಿಗೆ ಮುಟ್ಟಿಸಿದವನು ಜೋಕುಮಾರ. ಮಳೆಯನ್ನೇ ನಂಬಿದ ಸೀಮೆ ಇವನನ್ನು ನೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಅಷ್ಟಮಿಗೆ ಹುಟ್ಟಿ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆಮನೆ ಸುತ್ತಿ, ಏಳೇ ದಿನ ಬದುಕಿ, ಹುಣ್ಣಿಮೆಗೆ ಕೊಲೆಯಾಗುತ್ತಾನೆ. ಮುಂದಿನ ವರ್ಷ ಮತ್ತೆ ಹುಟ್ಟುತ್ತಾನೆ. ಹುಣ್ಣಿಮೆ ಕಳೆದ ಮರುದಿನವೇ ಪಿತೃಪಕ್ಷ. ಅದರ ಕೊನೆಗೆ, ಮಹಾಲಯ ಅಮಾವಾಸ್ಯೆಯಂದು, ಹಿರಿಯರಿಗೆ ಹೊಸ ಬಟ್ಟೆಯಿಟ್ಟು ಅವರು ಮೆಚ್ಚುತ್ತಿದ್ದ ಅಡಿಗೆಯನ್ನು ಎಡೆ ಹಾಕುತ್ತೇವೆ. ಸತ್ತವರೂ ವರ್ಷಕ್ಕೊಮ್ಮೆ ಉಣ್ಣಲು ಬರುತ್ತಾರೆಂಬುದು ಹಳ್ಳಿಯ ಲೆಕ್ಕ.

ಜೋಕುಮಾರನ ಹಾಡು ಧಾರವಾಡದ ಕವಿಗೆ ಹೊಸದಾಗಿರಲಾರದು. ಆದರೂ ಅವರು ದೂರನ್ನು ಒಯ್ದದ್ದು ಪುರಾಣದ ಸನತ್ಕುಮಾರನ ಬಳಿಗೆ. ಇದು ಕೊರತೆಯೆ? ಹಾಗೆನ್ನಲಾರೆ. ಜೋಕುಮಾರನ ಕಥೆಯಲ್ಲಿ ಸಮಾಧಾನವಿದೆ. ಈ ಕವನಕ್ಕೆ ಸಮಾಧಾನ ಬೇಕಾಗಿರಲಿಲ್ಲ. ಅದನ್ನು ರಂಗಕ್ಕೆ ತಂದವರು ಚಂದ್ರಶೇಖರ ಕಂಬಾರರು. 1972ರ ‘ಜೋಕುಮಾರಸ್ವಾಮಿ’ಯಲ್ಲಿ ಬಸಣ್ಣ ಕೊಲೆಯಾದರೂ ಗೌಡತಿಯ ಬಸಿರಿನಲ್ಲಿ ಉಳಿಯುತ್ತಾನೆ. ಊರು ಒಪ್ಪುವ ಉತ್ತರವದು, ಊರಿಗೆ ಇನ್ನೊಬ್ಬ ಬಸಣ್ಣ ಸಿಕ್ಕಾನು. ಚಂದ್ರನನ್ನು ನೋಡಿ ಹಿಂದಿರುಗಿದ ಮಗನಿಗೆ ಬೇಂದ್ರೆಯವರ ಪ್ರಶ್ನೆಯೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಕಳೆದ ಮಹಾಲಯಕ್ಕೆ ಅಪ್ಪನ ಹೆಸರಿನಲ್ಲಿ ಹೊಸ ಪಂಚೆಯಿಟ್ಟು ಎಡೆ ಮಾಡಿದೆವು. ಮರುದಿನ ಅದನ್ನು ಉಟ್ಟವನು ನಾನೇ.