ಓದುವ ಗುರುತು, ಬರೆಯುವ ಗುರುತು: ಸ್ಟ್ರಿಂಗ್‌ಸ್ಟ್ರೀಮ್‌ನ ಸದ್ದಿಲ್ಲದ ತಪ್ಪುಗಳು

ಲೋಲಕದ ಆವರ್ತಕಾಲವನ್ನು ನಾಲ್ಕು ಬಾರಿ ಅಳೆದಿದ್ದೀರಿ ಎಂದಿಟ್ಟುಕೊಳ್ಳಿ: 2.01, 1.98, 2.02, 1.99 ಸೆಕೆಂಡು. ಸರಾಸರಿ 2.00, ಮಾನಕ ವಿಚಲನೆ ಸುಮಾರು 0.018. ಇದೇ ಲೆಕ್ಕವನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮಾಡಹೊರಟ ವಿದ್ಯಾರ್ಥಿ ನಾಲ್ಕೂ ಅಂಕಿಗಳನ್ನು ‘ಸ್ಟ್ರಿಂಗ್‌ಸ್ಟ್ರೀಮ್’ಗೆ, ಅಂದರೆ ಗಣಕದ ಸ್ಮೃತಿಯಲ್ಲೇ ಇರುವ ಅಕ್ಷರಗಳ ಪ್ರವಾಹಕ್ಕೆ, ತುಂಬುತ್ತಾನೆ. ಅಂಕಿ ಸಿಗುವವರೆಗೂ ಓದಿ ಸರಾಸರಿ ತೆಗೆಯುತ್ತಾನೆ. ಬಳಿಕ ‘ಸೀಕ್‌ಜಿ’ಗೆ ಸೊನ್ನೆ ಕೊಟ್ಟು ಮೊದಲಿಗೆ ಮರಳಿ, ಮತ್ತೆ ಓದುತ್ತ ವಿಚಲನೆಗಳ ವರ್ಗಗಳನ್ನು ಕೂಡಿಸುತ್ತಾನೆ. ಬರುವ ಉತ್ತರ: ಸರಾಸರಿ 2.00, ಮಾನಕ ವಿಚಲನೆ 0. ದೋಷವೇ ಇಲ್ಲದ ಪ್ರಯೋಗ! ಕಂಪೈಲರ್ ಎಚ್ಚರಿಸುವುದಿಲ್ಲ, ಕ್ರಮವಿಧಿ ನಡುವೆ ನಿಲ್ಲುವುದೂ ಇಲ್ಲ.

ಆದದ್ದು ಇಷ್ಟು. ನಾಲ್ಕು ಅಂಕಿ ಮುಗಿದ ಮೇಲೆ ಐದನೆಯದನ್ನು ಓದುವ ಯತ್ನ ಸೋಲುತ್ತದೆ. ಆಗ ಪ್ರವಾಹದ ಮೇಲೆ ಎರಡು ಬಾವುಟ ಏರುತ್ತವೆ. ಒಂದು ‘ಕೊನೆ ಮುಟ್ಟಿತು’, ಇನ್ನೊಂದು ‘ವಿಫಲ’. ‘ವಿಫಲ’ ಬಾವುಟ ಏರಿರುವಷ್ಟು ಹೊತ್ತು ಸೀಕ್‌ಜಿ ಏನನ್ನೂ ಮಾಡದೆ ಹಿಂದಿರುಗುತ್ತದೆ. ಓದುವ ಗುರುತು ಇದ್ದಲ್ಲೇ ಇರುತ್ತದೆ, ಎರಡನೆಯ ಸುತ್ತು ಒಂದು ಅಂಕಿಯನ್ನೂ ಓದುವುದಿಲ್ಲ, ವರ್ಗಗಳ ಮೊತ್ತ ಸೊನ್ನೆಯಾಗಿಯೇ ಉಳಿಯುತ್ತದೆ. ಭಾಷೆಯ 2011ರ ಮಾನಕ ಇದಕ್ಕೊಂದು ಪರಿಹಾರ ತಂದಿತು. ಈಗ ಸೀಕ್‌ಜಿ ತಾನಾಗಿಯೇ ‘ಕೊನೆ ಮುಟ್ಟಿತು’ ಬಾವುಟವನ್ನು ಇಳಿಸುತ್ತದೆ. ಆದರೆ ‘ವಿಫಲ’ ಬಾವುಟವನ್ನು ಮುಟ್ಟುವುದಿಲ್ಲ. ಓದಲು ಎಲ್ಲರೂ ಬಳಸುವ ಮಾದರಿ ಎರಡನ್ನೂ ಏರಿಸುವಂಥದ್ದಾದ್ದರಿಂದ ಇದನ್ನು ಅರ್ಧ ಔಷಧವೆಂದೇ ಕರೆಯಬೇಕು. ಸೀಕ್‌ಜಿಗೆ ಮೊದಲು ‘ಕ್ಲಿಯರ್’ ಎಂದು ಕರೆಯಬೇಕಾದ ಹೊಣೆ ಬರೆಯುವವರ ಮೇಲೆಯೇ ಉಳಿಯಿತು. ಈ ಕ್ಲಿಯರ್ ಪಠ್ಯವನ್ನು ಅಳಿಸುವುದಿಲ್ಲ, ಬಾವುಟಗಳನ್ನಷ್ಟೇ ಇಳಿಸುತ್ತದೆ. ಹೆಸರಿಟ್ಟವರಿಗೆ ಏನು ಹೇಳೋಣ!

ಸೋಲನ್ನು ‘ಎಕ್ಸೆಪ್ಷನ್’ ಆಗಿ ಎಸೆಯುವಂತೆ ಹೇಳುವ ಸೌಲಭ್ಯ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಅದನ್ನು ಚಾಲೂ ಮಾಡಿದರೆ ಓದುವ ಸುತ್ತು ಸಹಜವಾಗಿ ಮುಗಿಯುವುದೂ ಸೋಲೆಂದೇ ಎಣಿಕೆಯಾಗಿ, ಅಲ್ಲಿಯೂ ಎಕ್ಸೆಪ್ಷನ್ ಏಳುತ್ತದೆ. ಓದು ಮುಗಿದದ್ದಕ್ಕೂ ಓದು ಕೆಟ್ಟದ್ದಕ್ಕೂ ಒಂದೇ ಬಾವುಟ ಇಟ್ಟಿರುವುದು ಈ ವಿನ್ಯಾಸದ ಮೂಲ ದೌರ್ಬಲ್ಯವೆಂದು ನನ್ನ ಅಭಿಪ್ರಾಯ.

ಈಗ ಬರೆಯುವ ಕಡೆಗೆ ಬರೋಣ. ಸ್ಟ್ರಿಂಗ್‌ಸ್ಟ್ರೀಮ್‌ನಲ್ಲಿ ಎರಡು ಗುರುತುಗಳಿವೆ. ಸ್ಲೇಟಿನ ಮೇಲೆ ಮಗು ಎಡಗೈ ಬೆರಳಿಟ್ಟು ಓದುತ್ತದೆ, ಬಲಗೈಯ ಬಳಪದಿಂದ ಬರೆಯುತ್ತದೆ. ಬೆರಳು ಎಲ್ಲಿದೆ ಎಂಬುದಕ್ಕೂ ಬಳಪ ಎಲ್ಲಿದೆ ಎಂಬುದಕ್ಕೂ ಸಂಬಂಧವಿಲ್ಲ. ಬೆರಳನ್ನು ಸರಿಸುವುದು ಸೀಕ್‌ಜಿ, ಅದರ ಸ್ಥಾನ ಹೇಳುವುದು ಟೆಲ್‌ಜಿ. ಬಳಪಕ್ಕೆ ಸೀಕ್‌ಪಿ ಮತ್ತು ಟೆಲ್‌ಪಿ. ಕಲ್ಪನೆ ಚೆನ್ನಾಗಿಯೇ ಇದೆ. ಒಂದು ಕಡೆ ತುಂಬುತ್ತ ಇನ್ನೊಂದು ಕಡೆ ಓದಲು ಇದಕ್ಕಿಂತ ಸರಳವಾದ ಏರ್ಪಾಡು ಬೇಕಿಲ್ಲ. ಆದರೆ ಬಳಪವನ್ನು ಸ್ಲೇಟಿನ ಮೊದಲಿಗೆ ತಂದಮಾತ್ರಕ್ಕೆ ಸ್ಲೇಟು ಒರೆಸಿದಂತಾಗುವುದಿಲ್ಲ.

ಉಷ್ಣತಾಮಾಪಕದ ಅಂಕಿಯೊಂದನ್ನು ಪ್ರವಾಹಕ್ಕೆ ಬರೆದಿದ್ದೀರಿ: 101.25. ಮುಂದಿನ ಅಂಕಿಗಾಗಿ ಸೀಕ್‌ಪಿಗೆ ಸೊನ್ನೆ ಕೊಟ್ಟು 99.5 ಎಂದು ಬರೆಯುತ್ತೀರಿ. ಹಳೆಯದರಲ್ಲಿ ಆರು ಅಕ್ಷರ, ಹೊಸದರಲ್ಲಿ ನಾಲ್ಕು. ಕೊನೆಯ ಎರಡು ಹಾಗೆಯೇ ಉಳಿಯುತ್ತವೆ. ಪಠ್ಯವನ್ನು ಹೊರತೆಗೆದು ನೋಡಿದರೆ 99.525! ಯಾರೂ ಅಳೆಯದ ಈ ಅಂಕಿಗೆ ಅಳತೆಯ ಎಲ್ಲ ಲಕ್ಷಣಗಳೂ ಇವೆ. ನೂರರ ಹತ್ತಿರವಿದೆ, ನಿಜವಾದ ಅಂಕಿಗಿಂತ ಹೆಚ್ಚು ನಿಖರವಾಗಿಯೂ ಕಾಣುತ್ತದೆ. ಕಸದಂತೆ ಕಾಣುವ ಅಂಕಿಯನ್ನು ಹಿಡಿಯುವುದು ಸುಲಭ. ಆದರೆ ಇಂಥದ್ದು ನಕ್ಷೆಯ ಮೇಲೆ ಹೋಗಿ ಕುಳಿತರೆ ಯಾವ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಬೇಕಾದದ್ದು ಸೀಕ್‌ಪಿ ಅಲ್ಲ, ‘ಸ್ಟರ್’ ಕ್ರಿಯೆಗೆ ಖಾಲಿ ಪಠ್ಯ ಕೊಟ್ಟು ಒಳಗಿರುವುದನ್ನೇ ಬದಲಿಸುವುದು. ಅದಾದರೋ ಪಠ್ಯವನ್ನು ಅಳಿಸುತ್ತದೆ, ಬಾವುಟಗಳನ್ನು ಇಳಿಸುವುದಿಲ್ಲ.

ಇನ್ನೊಂದು ತೊಡಕು ಕಡತಗಳದ್ದು. ಸೀಕ್‌ಜಿ, ಸೀಕ್‌ಪಿಗಳನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಡತಗಳ ಅಧ್ಯಾಯದಲ್ಲಿ ಪರಿಚಯಿಸುತ್ತವೆ. ಸ್ಟ್ರಿಂಗ್‌ಸ್ಟ್ರೀಮ್‌ಗೆ ಸಿಗುವುದು ಒಂದೆರಡು ಸಾಲು, ‘ಕಡತದಂತೆಯೇ’ ಎಂಬ ಭರವಸೆಯೊಡನೆ. ಆದರೆ ಕಡತದ ಪ್ರವಾಹದಲ್ಲಿ ಓದಿಗೂ ಬರಹಕ್ಕೂ ಇರುವುದು ಒಂದೇ ಜಂಟಿ ಗುರುತು. ಸೀಕ್‌ಜಿ ಎಂದರೆ ಬರೆಯುವ ಸ್ಥಾನವೂ ಸರಿಯುತ್ತದೆ. ಸ್ಮೃತಿಯ ಪ್ರವಾಹದಲ್ಲಿ ಹಾಗಿಲ್ಲ. ಎರಡನ್ನೂ ಒಂದೇ ಬಗೆಯ ಪ್ರವಾಹವೆಂದು ತೆಗೆದುಕೊಳ್ಳುವ ಕ್ರಮವಿಧಿಯನ್ನು ನೀವು ಸ್ಟ್ರಿಂಗ್‌ಸ್ಟ್ರೀಮ್ ಮೇಲೆ ಪರೀಕ್ಷಿಸಿ, ಸರಿಯಾಗಿದೆ ಎಂದು ನಂಬಿ, ನಂತರ ಕಡತಕ್ಕೆ ಹಚ್ಚಿದರೆ ಫಲಿತಾಂಶ ಬೇರೆಯಾಗಬಹುದು. ಹೊರನೋಟಕ್ಕೆ ಒಂದೇ ಹೆಸರು, ಒಳಗೆ ಎರಡು ನಿಯಮ. 1989ರಲ್ಲಿ ಭಾಷೆಯ 2.0 ಆವೃತ್ತಿಯೊಡನೆ ಬಂದ, ಜೆರ್ರಿ ಶ್ವಾರ್ಟ್ಸ್ ರೂಪಿಸಿದ ಈ ಪ್ರವಾಹ ಸಂಗ್ರಹದ ಹಿರಿಮೆ ಇದ್ದದ್ದೇ ಸಾಧನ ಯಾವುದಾದರೂ ಬರೆಯುವ ಬಗೆ ಒಂದೇ ಎಂಬುದರಲ್ಲಿ. ಸ್ಥಾನ ಬದಲಾವಣೆಯ ವಿಷಯದಲ್ಲಿ ಮಾತ್ರ ಆ ಮಾತು ನಿಲ್ಲುವುದಿಲ್ಲ.

ಬೇರೆ ಭಾಷೆಗಳು ಏನು ಮಾಡಿವೆ? ಪೈಥಾನ್‌ನ ‘ಸ್ಟ್ರಿಂಗ್ಐಓ’ದಲ್ಲಿ ಒಂದೇ ಗುರುತು, ಬಾವುಟಗಳಿಲ್ಲ. ಕೊನೆ ಮುಟ್ಟಿದರೆ ಖಾಲಿ ಪಠ್ಯ ಸಿಗುತ್ತದೆ, ಮೊದಲಿಗೆ ಮರಳಲು ಯಾವ ಅಡ್ಡಿಯೂ ಇಲ್ಲ. ತನ್ನಿಂದಾಗದ ಚಲನೆಯನ್ನು, ಉದಾಹರಣೆಗೆ ಈಗಿರುವಲ್ಲಿಂದ ಎರಡು ಅಕ್ಷರ ಮುಂದೆ ಹೋಗು ಎಂಬುದನ್ನು, ಕೇಳಿದರೆ ಬಾಯಿಬಿಟ್ಟು ದೋಷವೆನ್ನುತ್ತದೆ. ಆದರೆ 99.525ರ ಅಪಾಯ ಅಲ್ಲಿಯೂ ತಪ್ಪಿದ್ದಲ್ಲ. ‘ಟ್ರಂಕೇಟ್’ ಮಾಡಿ ಬಾಲವನ್ನು ಕತ್ತರಿಸಬೇಕು. 2002ರ ಜಾವಾ 1.4 ತಂದ ‘ಬೈಟ್‌ಬಫರ್’ ಈ ಬಾಲದ ಬಗ್ಗೆ ಯೋಚಿಸಿದೆ. ಸ್ಥಾನದ ಜೊತೆ ‘ಲಿಮಿಟ್’ ಎಂಬ ಮೇರೆಯೂ ಇದೆ. ನಾಲ್ಕು ಬೈಟ್ ಬರೆದು ‘ಫ್ಲಿಪ್’ ಎಂದರೆ ಮೇರೆ ನಾಲ್ಕಕ್ಕೆ ಬಂದು ನಿಲ್ಲುತ್ತದೆ, ಸ್ಥಾನ ಸೊನ್ನೆಗೆ ಮರಳುತ್ತದೆ, ಹಳೆಯ 25 ಓದುಗನ ಕೈಗೆ ಸಿಗುವುದಿಲ್ಲ. ಫ್ಲಿಪ್ ಮರೆತಿರೋ, ಓದು ಆ 25ರಿಂದಲೇ ಶುರು! ಅಂದಹಾಗೆ ಅಲ್ಲಿಯೂ ‘ಕ್ಲಿಯರ್’ ಇದೆ, ಅದೂ ಏನನ್ನೂ ಅಳಿಸುವುದಿಲ್ಲ.

ಹೀಗೆಂದು ಸ್ಟ್ರಿಂಗ್‌ಸ್ಟ್ರೀಮನ್ನು ತೊರೆಯಬೇಕೆಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಲೆಕ್ಕಗಳಿಗೆ ಅಂಕಿಗಳನ್ನು ಒಮ್ಮೆ ಓದಿ ‘ವೆಕ್ಟರ್’ಗೆ ಹಾಕಿಕೊಂಡರೆ ಹಿಂದಕ್ಕೆ ಮರಳುವ ಪ್ರಸಂಗವೇ ಬರುವುದಿಲ್ಲ. ಮರಳಲೇಬೇಕಾದಲ್ಲಿ ಮೊದಲು ಕ್ಲಿಯರ್, ಆಮೇಲೆ ಸೀಕ್‌ಜಿ, ಅದಾದ ಕೂಡಲೇ ಟೆಲ್‌ಜಿ. ಟೆಲ್‌ಜಿ ಸೊನ್ನೆ ಹೇಳಿದರೆ ಸರಿ, -1 ಹೇಳಿದರೆ ಬಾವುಟ ಇನ್ನೂ ಇಳಿದಿಲ್ಲ. ಎರಡನೆಯ ಸುತ್ತಿನಲ್ಲಿಯೂ ಓದಿದ ಅಂಕಿಗಳನ್ನು ಎಣಿಸಿ, ಮೊದಲ ಸುತ್ತಿನ ಎಣಿಕೆಯೊಡನೆ ಹೋಲಿಸಿ. ನಾಲ್ಕಕ್ಕೆ ನಾಲ್ಕು ಬಂದ ಮೇಲೆ ಮಾನಕ ವಿಚಲನೆಯನ್ನು ಮುದ್ರಿಸಿ.