ಮಡಿಲು ಮತ್ತು ಶಿಶುಪೀಠ

ಮಂಗಳೂರಿನಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯಿಂದ ಪುತ್ತೂರು, ಸುಳ್ಯ, ಮಡಿಕೇರಿಗಳ ಮಾರ್ಗವಾಗಿ ಮೈಸೂರಿಗೆ ಹೋಗುವ ದಾರಿ ಕವಲೊಡೆಯುವ ನಮ್ಮ ಮಾಣಿಯಲ್ಲಿ ಅರ್ಧ ಗಳಿಗೆ ನಿಂತು ಕಾರುಗಳನ್ನು ಗಮನಿಸುವವರಿಗೆ ಒಂದು ದೃಶ್ಯ ಪದೇ ಪದೇ ಕಾಣಸಿಗುತ್ತದೆ: ಚಾಲಕನ ಪಕ್ಕದ ಆಸನದಲ್ಲಿ ತಾಯಿ, ಆಕೆಯ ಮಡಿಲಲ್ಲಿ ನಿಂತು ಎದುರಿನ ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಅಂಗೈಗಳನ್ನೂರಿ ರಸ್ತೆ ನೋಡುವ ಕೂಸು. ವಾತ್ಸಲ್ಯದಿಂದ ಹುಟ್ಟಿದ ರೂಢಿಯಾದುದರಿಂದ ಇದನ್ನು ಆಕ್ಷೇಪಿಸಲು ಮನಸ್ಸು ಹಿಂಜರಿಯುತ್ತದೆ, ಆದರೂ ಆಕ್ಷೇಪಿಸಲೇಬೇಕು.

ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ಥಟ್ಟನೆ ನಿಂತಾಗ, ಬಂಧನವಿಲ್ಲದ ದೇಹವು ಸುಮಾರು 10 ಮೀಟರ್ ಎತ್ತರದಿಂದ ಬಿದ್ದರೆ ಪಡೆಯುವ ವೇಗದಲ್ಲಿಯೇ ಮುಂದಕ್ಕೆ ನುಗ್ಗುತ್ತದೆ. ತೋಟದವರಾದ ನಮಗೆ ಆ ಎತ್ತರವನ್ನು ವಿವರಿಸಬೇಕಾಗಿಲ್ಲ. ಅದು ಬೆಳೆದ ಅಡಿಕೆಮರದ ಎತ್ತರ. ಅಲ್ಲಿಂದ ಜಾರಿದ ತುಂಬುಗೊನೆಯನ್ನು ಕೆಳಗೆ ನಿಂತು ಕೈಯೊಡ್ಡಿ ಹಿಡಿಯಲು ಯಾರೂ ಮುಂದಾಗರು. ಆದರೆ ಮಡಿಲಿನ ಮಗುವನ್ನು ಹಿಡಿದುಕೊಳ್ಳುವೆನೆಂಬ ನಂಬಿಕೆ ಅದೇ ಸಾಹಸವನ್ನು ತಾಯಿಯ ತೋಳುಗಳಿಂದ ನಿರೀಕ್ಷಿಸುತ್ತದೆ. ಮುಂದಿನ ಆಸನದಲ್ಲಾದರೋ, ಕಣ್ಣೆವೆ ಇಕ್ಕುವುದರೊಳಗೆ ಉಬ್ಬಿ ಹೊಮ್ಮುವ ಏರ್‌ಬ್ಯಾಗ್ ವಯಸ್ಕನನ್ನು ಕಾಯುವ ಬಲದಿಂದಲೇ ಶಿಶುವನ್ನು ಘಾತಿಸಬಲ್ಲದು. ಮಗುವನ್ನು ಕಾರಿನ ಹಿಂಬದಿಗೆ ಮುಖಮಾಡಿಸಿ ಪಟ್ಟಿಗಳಿಂದ ಬಿಗಿದು ಕೂರಿಸುವ ಹಿಮ್ಮುಖ ಶಿಶುಪೀಠವನ್ನು ಆ ಏರ್‌ಬ್ಯಾಗಿನ ಎದುರಿಗಿಡುವುದು ಪ್ರಾಣಾಂತಿಕವಾದ ತಪ್ಪು.

ಮಗುವಿಗೆ ಹಿಂದಿನ ಸಾಲೇ ಯೋಗ್ಯವೆಂದಾದ ಮೇಲೆ ನಡುವೆಯೋ ಪಕ್ಕದಲ್ಲಿಯೋ ಎಂಬ ಪ್ರಶ್ನೆ ಏಳುತ್ತದೆ. 2008ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು, ಶಿಶುಪೀಠದಲ್ಲಿ ಕುಳಿತ ಮೂರು ವರ್ಷದವರೆಗಿನ ಮಕ್ಕಳಲ್ಲಿ, ನಡುವೆ ಇದ್ದವರಿಗೆ ಪಕ್ಕದಲ್ಲಿದ್ದವರಿಗಿಂತ ಗಾಯದ ಸಂಭವ ಶೇಕಡಾ 43ರಷ್ಟು ಕಡಮೆಯೆಂದು ಕಂಡಿತು. ಎರಡು ಬಾಗಿಲುಗಳಿಂದಲೂ ದೂರವಿರುವ ಸ್ಥಾನಕ್ಕೆ ಪಕ್ಕದ ಹೊಡೆತ ಸುಲಭವಾಗಿ ತಲುಪದು. ಆದರೆ ನಮ್ಮ ಅನೇಕ ಕಾರುಗಳಲ್ಲಿ ಆ ನಡುಭಾಗ ಉಬ್ಬಿ ಇಕ್ಕಟ್ಟಾಗಿರುತ್ತದೆ, ಹಳೆಯವುಗಳಲ್ಲಿ ಸೊಂಟದ ಪಟ್ಟಿಯಷ್ಟೇ ಇರುತ್ತದೆ, ಪೀಠವನ್ನು ನೇರವಾಗಿ ಕಾರಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಎರಡು ಬದಿಗಳಲ್ಲಿ ಮಾತ್ರ ಸಿಗುತ್ತವೆ. ಅಲುಗಾಡುವ ಪೀಠ ನಡುವಿನಲ್ಲಿದ್ದು ಫಲವೇನು? ಗಟ್ಟಿಯಾಗಿ ಕೂರುವ ಸ್ಥಾನವೇ ಶ್ರೇಷ್ಠ ಸ್ಥಾನ. ನಡುವಿನಲ್ಲಿ ಅದು ಸಾಧ್ಯವಾಗದಿದ್ದರೆ ಎಡಬದಿಯೇ ಮೇಲು. ಎಡಗಡೆ ಸಂಚರಿಸುವ ನಮ್ಮ ದೇಶದಲ್ಲಿ ಆ ಬಾಗಿಲು ರಸ್ತೆಯಂಚಿಗೆ ತೆರೆಯುವುದರಿಂದ, ಮಗುವನ್ನು ಎತ್ತಿಕೊಳ್ಳುವವರು ಲಾರಿಗಳಿಗೆ ಬೆನ್ನು ಕೊಟ್ಟು ನಿಲ್ಲಬೇಕಾಗುವುದಿಲ್ಲ.

ಸ್ಥಾನದಷ್ಟೇ ದಿಕ್ಕೂ ಮುಖ್ಯ. ಶಿಶುವಿನ ತಲೆ ದೇಹದ ಉದ್ದದ ಕಾಲುಭಾಗದಷ್ಟಿದ್ದು ಕತ್ತು ಎಳೆಯದಾಗಿರುವುದರಿಂದ, 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ರೂಪಿಸಿದ ಹಿಮ್ಮುಖ ಪೀಠದ ತತ್ತ್ವ, ಆಘಾತವನ್ನು ಬೆನ್ನು ಮತ್ತು ತಲೆಗಳಿಗೆ ಹಂಚುವುದು, ಇಂದಿಗೂ ಸಾಧುವಾಗಿದೆ. ಯುರೋಪಿನಲ್ಲಿ ಜಾರಿಯಲ್ಲಿರುವ ಶಿಶುಪೀಠಗಳ ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಮಗು ಹಿಮ್ಮುಖವಾಗಿರಬೇಕೆನ್ನುತ್ತದೆ. ಕಟ್ಟುವ ಕೆಲಸದಲ್ಲಿ ಅವಸರ ಸಲ್ಲದು. ಕಾರಿನ ಪಟ್ಟಿಯಿಂದ ಬಿಗಿಯುವುದಾದರೆ ಪೀಠವನ್ನು ಒತ್ತಿ ಹಿಡಿದು ಎಳೆಯಬೇಕು; ಪಟ್ಟಿ ಹಾಯುವಲ್ಲಿ ಅಲುಗಿಸಿ ನೋಡಿದಾಗ ಒಂದು ಅಂಗುಲಕ್ಕಿಂತ ಹೆಚ್ಚು ಜರುಗಬಾರದು; ಮಗುವಿನ ಭುಜದ ಪಟ್ಟಿಯನ್ನು ಬೆರಳುಗಳಿಂದ ಚಿವುಟಿದರೆ ಮಡಿಕೆ ಏಳಬಾರದು. ಮಡಿಕೇರಿಯ ಚಳಿಗೆ ಹೆದರಿ ಮಾಣಿಯಲ್ಲಿಯೇ ತೊಡಿಸುವ ದಪ್ಪ ಸ್ವೆಟರ್ ಪಟ್ಟಿಯ ಕೆಳಗೆ ಸಡಿಲನ್ನು ಬಚ್ಚಿಡುತ್ತದೆ. ಪಟ್ಟಿ ಬಿಗಿದ ಮೇಲೆ ಹೊದಿಕೆ ಹೊದಿಸುವುದೇ ಸರಿಯಾದ ಕ್ರಮ.

2019ರ ತಿದ್ದುಪಡಿಯಿಂದ ಬಂದ ಮೋಟಾರು ವಾಹನ ಕಾಯಿದೆಯ 194-ಬಿ ಕಲಮು, 14 ವರ್ಷ ತುಂಬದ ಮಗುವನ್ನು ಪಟ್ಟಿಯಿಂದಾಗಲಿ ಶಿಶುಪೀಠದಿಂದಾಗಲಿ ಭದ್ರಪಡಿಸದೆ ಒಯ್ದರೆ 1,000 ರೂಪಾಯಿ ದಂಡ ವಿಧಿಸುತ್ತದೆ. 2023ರ ಅಕ್ಟೋಬರಿನಿಂದ ನಡೆಯುತ್ತಿರುವ, ಕಾರುಗಳ ಸುರಕ್ಷತೆಯನ್ನು ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಮಕ್ಕಳ ರಕ್ಷಣೆಗೆಂದೇ 49 ಅಂಕಗಳನ್ನಿಟ್ಟಿದೆ. ಇವೆರಡೂ ಸ್ತುತ್ಯರ್ಹವೇ, ಆದರೆ ದಂಡವಾಗಲಿ ಅಂಕಗಳಾಗಲಿ ಮನೆಯಂಗಳದಲ್ಲಿ ಪೀಠವನ್ನು ಬಿಗಿಯಲಾರವು.

ಮೊದಮೊದಲು ಮಗು ಪೀಠದಲ್ಲಿ ಅಳುವುದು ನಿಜ. ಆ ಅಳುವಿಗೆ ಕರಗಿಯೇ ಎಷ್ಟೋ ಪೀಠಗಳು ಅಟ್ಟ ಸೇರುತ್ತವೆ. ತಾಯಿ ಮುಂದಿನಾಸನವನ್ನು ಬಿಟ್ಟು ಹಿಂದೆ, ಮಗುವಿನ ಪಕ್ಕದಲ್ಲಿ, ತನ್ನ ಪಟ್ಟಿಯನ್ನೂ ಧರಿಸಿ ಕುಳಿತು ತನ್ನದೊಂದು ಬೆರಳನ್ನು ಅದರ ಮುಷ್ಟಿಗೆ ಕೊಡಲಿ. ಮಡಿಲಿನ ಸಾಂತ್ವನ ಆ ಬೆರಳಿನಿಂದ ದೊರೆಯುತ್ತದೆ. ಮಡಿಲಿನಿಂದಾಗದ ರಕ್ಷಣೆಯನ್ನು ಪೀಠ ಕೊಡುತ್ತದೆ.