ಪೆಟ್ಟಿಲ್ಲದೆ ಮಾರ್ದನಿಯಿಲ್ಲ

ನಮ್ಮ ಪುಸ್ತಕ ವಿಮರ್ಶೆಗಳಲ್ಲಿ ‘ಅನುರಣಿಸುತ್ತದೆ’ ಎಂಬ ಕ್ರಿಯಾಪದ ತೀರಾ ಸಲೀಸಾಗಿ ಓಡಾಡುತ್ತಿದೆ. ಹೊಸ ಕವಿತೆಯಲ್ಲಿ ವಚನ ಅನುರಣಿಸುತ್ತದೆ, ಕಾದಂಬರಿಯಲ್ಲಿ ಕಾಲದ ತಲ್ಲಣ ಅನುರಣಿಸುತ್ತದೆ. ನನ್ನ ಪಿಎಚ್‌.ಡಿ. ಕರಡಿನಲ್ಲೂ ಅದು ಬೇಕಾದಷ್ಟಿದೆ. ಏನು, ಯಾವುದಕ್ಕೆ ತಾಗಿತು ಎಂದು ಹೇಳದೆ ಪಾರಾಗಲು ಇದು ಒಳ್ಳೆಯ ದಾರಿ.

ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ಪದ ‘ರಿವರ್ಬರೇಟ್’. ಅದರ ಹುಟ್ಟು ಅಷ್ಟು ಮೃದುವಲ್ಲ. ಲ್ಯಾಟಿನ್ನಿನ ‘ವೆರ್ಬೆರ್’ ಎಂದರೆ ಚಾಟಿ, ಬೆತ್ತ. ‘ರೆವೆರ್ಬೆರಾರೆ’ ಎಂದರೆ ಹೊಡೆದು ಹಿಮ್ಮೆಟ್ಟಿಸುವುದು. ದನಿಗಷ್ಟೇ ಅಲ್ಲ, ಶಾಖಕ್ಕೂ ಆ ಪದ ಸಲ್ಲುತ್ತಿತ್ತು. ಬೆಂಕಿಯ ಝಳ ಚಾವಣಿಗೆ ತಾಗಿ ಅದಿರಿನ ಮೇಲೆ ಮರಳುವ ಕುಲುಮೆಗೆ ಇಂದಿಗೂ ಅದೇ ಹೆಸರು. ಪೆಟ್ಟು ತಿನ್ನುವ ಗೋಡೆಯಿಲ್ಲದೆ ಆ ಕ್ರಿಯೆ ನಡೆಯುವುದಿಲ್ಲ.

ನಮ್ಮ ‘ಮಾರ್ದನಿ’ಯಲ್ಲೂ ಎದುರು ಇದೆ. ಹಳಗನ್ನಡದಲ್ಲಿ ‘ಮಾರ್ಬಲ’ ಎಂದರೆ ಶತ್ರುಸೈನ್ಯ; ‘ಮಾರುತ್ತರ’ದಲ್ಲಿರುವುದೂ ಅದೇ ‘ಮಾರು’. ಮಾರ್ದನಿಯೆಂದರೆ ಬರೀ ಮತ್ತೆ ಕೇಳಿಸುವುದಲ್ಲ, ಎದುರಿನಿಂದ ಬರುವ ದನಿ. ‘ಅನುರಣನ’ ಬೇರೆ. ಆನಂದವರ್ಧನನ ಧ್ವನಿ ಸಿದ್ಧಾಂತದ ಪರಂಪರೆ ಅದಕ್ಕೆ ಗಂಟೆಯ ಹೋಲಿಕೆ ಕೊಡುತ್ತದೆ: ವಾಚ್ಯಾರ್ಥ ತಿಳಿದ ಮೇಲೆ, ಗಂಟೆಯ ನಾದದಂತೆ ಹಿಂಬಾಲಿಸಿ ಬರುವ ಅರ್ಥ. ಆದರೆ ಗಂಟೆಯನ್ನೂ ಮೊದಲು ಬಡಿಯಲೇಬೇಕು.

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ನಡೆದವರಿಗೆ ಇದು ಬೇಗ ತಿಳಿಯುತ್ತದೆ. ಮಗ್ಗದ ಲಾಳಿ ಒಂದು ಕಡೆ ಹೊಡೆತ ತಿಂದು ಇನ್ನೊಂದು ಕಡೆಗೆ ಹಾರುತ್ತದೆ, ಅಲ್ಲಿ ಮತ್ತೆ ಹೊಡೆತ ತಿಂದು ಮರಳುತ್ತದೆ. ಪ್ರತಿ ಸಲವೂ ಹಾಸಿನ ನಡುವೆ ಒಂದು ಎಳೆ ಉಳಿಯುತ್ತದೆ. ಬಟ್ಟೆ ಬೆಳೆಯುವುದು ಹಾಗೆ.

ಆ ಊರಿನಲ್ಲೇ, ನೇಕಾರರ ಮನೆಯಲ್ಲಿ 1954ರಲ್ಲಿ ಹುಟ್ಟಿದ ಡಿ.ಆರ್. ನಾಗರಾಜರು ಗಾಂಧಿ–ಅಂಬೇಡ್ಕರ್ ಮುಖಾಮುಖಿಯನ್ನು ಓದಿದ್ದು ಹೀಗೆಯೇ. ‘ದಿ ಫ್ಲೇಮಿಂಗ್ ಫೀಟ್’ (1993) ಕೃತಿಯಲ್ಲಿ ಅವರು ಒಬ್ಬರ ವಿಚಾರ ಇನ್ನೊಬ್ಬರಲ್ಲಿ ‘ಅನುರಣಿಸಿತು’ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಇಬ್ಬರೂ ಎಲ್ಲಿ ಡಿಕ್ಕಿಯಾದರು, ಆ ಡಿಕ್ಕಿಯಿಂದ ಇಬ್ಬರೂ ಹೇಗೆ ಬದಲಾದರು ಎಂದು ತೋರಿಸಿದರು. ಆತ್ಮಶುದ್ಧಿಯ ಭಾಷೆಗೆ ಸ್ವಾಭಿಮಾನದ ಭಾಷೆ ಎದುರಾದದ್ದು ಅವರಿಗೆ ಮುಖ್ಯವಾಯಿತು. ಒಪ್ಪಲಿ ಬಿಡಲಿ, ಅದರ ಜೊತೆ ವಾದ ಮಾಡಬಹುದು. ಬರೀ ‘ಅನುರಣನ’ದ ಜೊತೆ ವಾದ ಮಾಡಲು ಏನೂ ಸಿಗುವುದಿಲ್ಲ.

ಇಂದಿನ ಕವಿತೆಯಲ್ಲಿ ಬಸವಣ್ಣ ಕೇಳಿಸಿದರೆ ನಾವು ಕೇಳಬೇಕಾದದ್ದು ಇಷ್ಟೆ: ಅದು ಒಪ್ಪಿಗೆಯೋ, ಎದುರುತ್ತರವೋ? ವಚನ ಬಡಿದದ್ದು ಯಾವ ಗೋಡೆಗೆ? ಮರಳುವಾಗ ಅದರ ದನಿ ಎಷ್ಟು ಬದಲಾಗಿದೆ? ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ನನ್ನ ಕರಡಿನಲ್ಲಿ ಆ ಪದವನ್ನು ಹೊಡೆದು ಹಾಕುತ್ತಿದ್ದೇನೆ. ಎಷ್ಟೋ ಕಡೆ, ಅದು ಹೋದ ಮೇಲೆ ವಾಕ್ಯದಲ್ಲಿ ಏನೂ ಉಳಿಯುತ್ತಿಲ್ಲ.